ಸಾಹೇಬರು ಮುಟ್ಟುವ ತನಕ

ಮೂರು ದಿನದಿಂದ ಕಸಬರಿಗೆ ಕಾಣದ ನೆಲಕ್ಕೆ ಕಾಲೂರಿದಾಗ ಸೋಮಪ್ಪನ ಅಂಗಾಲಿಗೆ ಬಿದಿರಿನ ಸಿಬಿರೊಂದು ಚುಚ್ಚಿತು. ಚಿಮಣಿಯ ಬೆಳಕಿನಲ್ಲಿ ಅದನ್ನು ಕಿತ್ತುಕೊಳ್ಳುತ್ತ, ತನಗೆ ಇದು ಆಗಬೇಕಾದದ್ದೇ ಅಂದುಕೊಂಡ. ದಾಂಡೇಲಿಯ ಕಾಗದದ ಮಿಲ್ಲಿನ ಚಾಳಿನಲ್ಲಿ ಒಂದು ಹೊತ್ತು ಕಸ ಹೊಡೆಯದಿದ್ದರೆ ಮನೆ ಕಣವಾಗುತ್ತದೆ. ಬಾಯ್ಲರಿನ ಮಸಿ, ಗಂಡಸರ ಅಂಗಿಗೆ ಹತ್ತಿಕೊಂಡು ಬರುವ ಬಿದಿರಿನ ಹೊಟ್ಟು, ಕಾಡಿನ ಕೆಂಪು ಧೂಳು ಎಲ್ಲವೂ ಹೇಳದೆ ಕೇಳದೆ ಒಳಗೆ ಬಂದು ಕೂಡುತ್ತವೆ. ಶುಕ್ರವಾರ ಮಧ್ಯಾಹ್ನ ಅವ್ವ ದುರ್ಗವ್ವ ಕಸಬರಿಗೆಯನ್ನು ಎತ್ತಿ ಜಂತಿಗೆ ಸಿಕ್ಕಿಸಿದ್ದು, ಇನ್ನೂ ಇಳಿಸಿರಲಿಲ್ಲ. ಹೊಸ್ತಿಲು ದಾಟಿ ದೂರ ಹೋದವರು ಅಲ್ಲಿ ಮುಟ್ಟುವ ತನಕ ಅವರ ಬೆನ್ನಿಗೆ ಕಸ ಹೊಡೆಯಬಾರದು. ಹೊಡೆದರೆ ಅವರ ದಾರಿಯನ್ನೇ ಹೊಡೆದು ಹಾಕಿದ ಹಾಗೆ. ಅವರ ಊರು ಹೆಬ್ಬಳ್ಳಿಯಲ್ಲಿ ಇದು ಯಾರಿಗೂ ಭಾರವಾದ ಮಾತಲ್ಲ. ಧಾರವಾಡದ ಪೇಟೆಗೆ ಹೋದವನು ಎರಡು ತಾಸಿಗೆ ಮುಟ್ಟುತ್ತಾನೆ, ಹೆಂಗಸರು ಕಸಬರಿಗೆ ಹಿಡಿಯುತ್ತಾರೆ. ಆದರೆ ಶುಕ್ರವಾರ ಈ ಹೊಸ್ತಿಲು ದಾಟಿ ಹೋದವರು ಮಿಲ್ಲಿನ ಮಷೀನು ನೋಡಿಕೊಳ್ಳಲು ಬಂದಿದ್ದ ಹೂಬರ್ ಸಾಹೇಬರು. ಅವರ ಊರು ಝೂರಿಕ್. ಅದು ಸಮುದ್ರದ ಆಚೆ, ಮರುಭೂಮಿಯ ಆಚೆ, ಮತ್ತೊಂದು ಸಮುದ್ರದ ಆಚೆ ಇತ್ತು.

“ಇವತ್ತರೆ ಮುಟ್ತಾರೇನ್ರೀ?” ಮಾಲವ್ವ ಒಲೆಯ ಮುಂದಿನಿಂದಲೇ ಕೇಳಿದಳು. ಗಂಡನ ಮೇಲೆ ಸಿಟ್ಟಿಲ್ಲದಿದ್ದರೂ ನೆಲದ ಮೇಲೆ ಇತ್ತು. “ನಿನ್ನೆ ಬಾಜೂ ಮನಿ ಗಿರಿಜಾಬಾಯಿ ನಮ್ಮ ಬಾಗಲ್ದಾಗ ನಿಂತು, ನಿಮ್ಮ ಮನ್ಯಾಗ ಯಾರಿಗರೆ ಮೈಯಾಗ ಆರಾಮಿಲ್ಲೇನು ಅಂತ ಕೇಳಿದ್ರು. ನಾ ಏನ್ ಹೇಳ್ಲಿ?”

“ಇವತ್ತು ಮುಟ್ತಾರ. ಟೈಮ್ ಆಫೀಸಿನ ಅಯ್ಯಾರು ಲೆಕ್ಕಾ ಮಾಡ್ಯಾರ,” ಅಂದ ಸೋಮಪ್ಪ. ಮೂಲೆಯಲ್ಲಿ ಕೌದಿ ಹೊದ್ದು ಕೂತಿದ್ದ ಅವ್ವ ಜಂತಿಯ ಕಡೆ ನೋಡಿದಳು. ಈ ಮೂರು ದಿನ ಅವಳು ಹೆಚ್ಚು ಮಾತಾಡಿಯೇ ಇರಲಿಲ್ಲ. ಸಾಹೇಬರು ತನ್ನ ಮನೆಗೆ ಬಂದು ಹೋದರೆಂಬ ಹೆಮ್ಮೆಯಲ್ಲಿ ಇದ್ದಾಳೆ ಎಂದು ಸೋಮಪ್ಪ ತಿಳಿದುಕೊಂಡಿದ್ದ. ಆ ಹೆಮ್ಮೆ ನೋಡಿದಾಗಲೆಲ್ಲ ಅವನಿಗೆ ಕೊರಳ ಹಿಂದಿನ ಗಾಯ ಉರಿಯುತ್ತಿತ್ತು.

ಶುಕ್ರವಾರ ಸಾಹೇಬರ ಜೀಪು ಹಳಿಯಾಳದ ರಸ್ತೆ ಹಿಡಿಯುವುದನ್ನು ಬಿಟ್ಟು ಚಾಳಿನ ಕಡೆ ತಿರುಗಿದಾಗ ಮಂದಿಯೆಲ್ಲ ಹೊರಗೆ ಬಂದಿದ್ದರು. ಬಲಗಣ್ಣಿಗೆ ದಪ್ಪ ಪಟ್ಟಿ ಕಟ್ಟಿಸಿಕೊಂಡ ಎತ್ತರದ ಮನುಷ್ಯ ಬಗ್ಗಿ ಒಳಗೆ ಬಂದು, ಬೂಟು ಬಿಚ್ಚುವುದನ್ನು ಮರೆತು, ಕಂಬಳಿಯ ಮೇಲೆ ಮೊಣಕಾಲು ಎತ್ತಿಕೊಂಡು ಕೂತರು. ಅವ್ವ ಮಜ್ಜಿಗೆ ಕೊಟ್ಟಳು. ಕುಡಿದರು. ಆಮೇಲೆ ಸೋಮಪ್ಪನನ್ನು ಕರೆದು, ದನದ ಕೊರಳು ನೋಡುವ ಹಾಗೆ ಅಂಗಿಯ ಕಾಲರು ಸರಿಸಿ, ಇದ್ದ ಒಂದೇ ಕಣ್ಣಿನಿಂದ ಗಾಯ ನೋಡಿ, “ಅಚ್ಛಾ,” ಅಂದರು. ಅಷ್ಟೇ. ಹುಬ್ಬಳ್ಳಿಯ ಡಾಕ್ಟರು ಕೈಚೆಲ್ಲಿದ್ದರು. ಝೂರಿಕ್ಕಿನಲ್ಲಿ ದೊಡ್ಡ ಆಸ್ಪತ್ರೆ ಇದೆ, ಬೇಗ ಮುಟ್ಟಿದರೆ ಕಣ್ಣು ಉಳಿದೀತು ಅಂದಿದ್ದರಂತೆ. ಅಂಥ ಅವಸರದಲ್ಲಿ ಇದ್ದವರು ತನ್ನ ಕೊರಳು ನೋಡಲು ಜೀಪು ತಿರುಗಿಸಿ ಬಂದಿದ್ದರು. ಅವ್ವ ಅವರ ಕೈಯಲ್ಲಿ ಸಕ್ಕರೆ ಹಾಕಿ, “ಹೋಗಿ ಬಾರೋ ಎಪ್ಪಾ,” ಅಂದಳು. ಅವರಿಗೆ ತಿಳಿಯಲಿಲ್ಲ, ಆದರೂ ತಲೆ ಬಾಗಿಸಿದರು. ಬೂಟಿನ ಕೆಂಪು ಮಣ್ಣು ಕಂಬಳಿಯ ಮುಂದೆ ಎರಡು ಹೆಜ್ಜೆಯಾಗಿ ಒಣಗಿ ಉಳಿಯಿತು. ಮಾಲವ್ವ ಮೂರು ದಿನ ಅದನ್ನು ಸುತ್ತುಹಾಕಿಕೊಂಡೇ ಓಡಾಡಿದಳು.

ಮಿಲ್ಲಿನ ಗೇಟಿನಲ್ಲಿ ಟೈಮ್ ಆಫೀಸಿನ ಬಸಲಿಂಗಯ್ಯ ಕಾರ್ಡುಗಳ ಮುಂದೆ ಕೂತಿದ್ದರು. ಇಪ್ಪತ್ತು ವರ್ಷ ಅಲ್ಲಿ ಇಲ್ಲಿ ಗಿರಣಿಗಳಲ್ಲಿ ಮಂದಿ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಬರೆದುಕೊಂಡು, ಒಂದರಿಂದ ಒಂದನ್ನು ಕಳೆದು ಕೂತ ಮನುಷ್ಯ. ಕಳೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬುದು ಅವರದೇ ಮಾತು. ದೊಡ್ಡ ಆಫೀಸಿಗೆ ಬಂದ ತಾರು ನೋಡಿ, ಹಳೆಯ ಕಾರ್ಡೊಂದರ ಬೆನ್ನಿಗೆ ಅವರು ಬರೆದುಕೊಟ್ಟಿದ್ದು ಸೋಮಪ್ಪನ ಕಿಸೆಯಲ್ಲೇ ಇತ್ತು: ಸೋಮವಾರ, ಮುಂಬಯಿ ಬಿಡುವುದು ಬೆಳಗಿನ ಆರು, ನಡುವೆ ಕೈರೋ, ಝೂರಿಕ್ ಮುಟ್ಟುವುದು ಮಧ್ಯಾಹ್ನ ಹನ್ನೆರಡು, ನಾಲ್ಕು ಸಾವಿರದ ನಾನೂರು ಮೈಲು.

“ಆರು ತಾಸು ನೋಡೋ ಸೋಮಪ್ಪ,” ಅಂದರು ಬಸಲಿಂಗಯ್ಯ, ಕಾರ್ಡಿನ ಮೇಲೆ ಹೊತ್ತು ಹಾಕುತ್ತ. “ತಾಸಿಗೆ ಏಳುನೂರಾ ಮೂವತ್ತು ಮೈಲು ಬಿತ್ತು. ಇಲ್ಲಿಂದ ಹಳಿಯಾಳಕ್ಕ ಹದಿಮೂರು ಮೈಲು, ನಮ್ಮ ಬಸ್ಸಿಗೆ ಒಂದು ತಾಸು ಬೇಕು. ಅದೂ ದಾರ್‍ಯಾಗ ಎಮ್ಮಿ ಅಡ್ಡ ಬರಲಿಲ್ಲಂದ್ರ. ಹನ್ನೆರಡರ ಭೋಂಗಾ ಆತು ಅಂದ್ರ ಸಾಹೇಬ್ರು ತಮ್ಮೂರಾಗ. ನಿಮ್ಮವ್ವಗ ಹೇಳು, ಕಸಬರಿಗಿ ಇಳಸ್ಲಿ.”

“ಹೇಳೇನ್ರೀ ಅಯ್ಯಾರ. ಭೋಂಗಾದ ಹಾದೀನ ನೋಡ್ತಾರ.” ಅಷ್ಟರಲ್ಲಿ ಮಿಲ್ಲಿನ ಆರರ ಭೋಂಗಾ ಕೂಗಿತು. ಕಾಡೆಲ್ಲ ತುಂಬುವ ಆ ಕೂಗಿಗೆ ಸರಿಯಾಗಿ ಮುಂಬಯಿಯಲ್ಲಿ ಸಾಹೇಬರ ವಿಮಾನ ನೆಲ ಬಿಟ್ಟಿರಬೇಕು. ಸೋಮಪ್ಪ ಹೆಗಲ ಮೇಲಿನ ವಸ್ತ್ರಕ್ಕೆ ಕೈ ಹಾಕಿ, ಅದು ಇಲ್ಲವೆಂದು ತಿಳಿದು, ಬರಿಗೈಯನ್ನೇ ಹಣೆಗೆ ಮುಟ್ಟಿಸಿಕೊಂಡ.

ಮಷೀನಿನ ಮನೆಯೊಳಗೆ ಎಂದಿನ ಉಗಿ, ಎಂದಿನ ಸದ್ದು. ಒದ್ದೆ ಕಾಗದ ಹಾಸುಹಾಸಾಗಿ ಬಂದು, ಕಾದ ಉರುಳೆಗಳ ಮೇಲೆ ಹತ್ತಿ ಇಳಿದು, ಒಣಗಿ ಆ ತುದಿಯಲ್ಲಿ ಸುತ್ತಿಕೊಳ್ಳುತ್ತದೆ. ನಡುವೆ ಹರಿದರೆ ಅದರ ಬಾಲ ಹಿಡಿದು ಮತ್ತೆ ಉರುಳೆಗೆ ಉಣಿಸುವುದು ಸೋಮಪ್ಪ ಮತ್ತು ದ್ಯಾಮಪ್ಪನ ಕೆಲಸ. ಗೋಡೆಗೆ ಸಾಲಾಗಿ ಗೂಟಗಳಿವೆ. ಮೊದಲ ದಿನವೇ ಹೂಬರ್ ಸಾಹೇಬರು ತಾವೇ ಬಡಿಗನ ಕೈಯಲ್ಲಿ ಹೊಡೆಸಿದ ಗೂಟಗಳು. ವಸ್ತ್ರ ಇಲ್ಲಿ, ಮನುಷ್ಯ ಅಲ್ಲಿ ಎಂದು ಹರಕುಮುರುಕು ಹಿಂದಿಯಲ್ಲಿ ದಿನಾ ಹೇಳುತ್ತಿದ್ದರು. ಮಂದಿಗೆ ಮೊದಮೊದಲು ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಹೆಗಲು ಬರಿದಾದ ಗಂಡಸು ನಾಲ್ಕು ಮಂದಿಯ ಮುಂದೆ ನಿಲ್ಲುವುದು ಸೂತಕದ ಮನೆಯಲ್ಲಿ ಮಾತ್ರ. ನಾಚುತ್ತ, ಬೈದುಕೊಳ್ಳುತ್ತ, ಒಬ್ಬೊಬ್ಬರೇ ಗೂಟಕ್ಕೆ ಹಾಕಿದರು. ಹದಿನೆಂಟು ತಿಂಗಳು ಸೋಮಪ್ಪನೂ ಹಾಕಿದ. ಆ ಒಂದು ದಿನ, ಚಳಿಯಿತ್ತೆಂದು, ಚಹಾ ಕುಡಿದು ಬಂದವನು ಕೊರಳಿಗೆ ಸುತ್ತಿಕೊಂಡೇ ಬಗ್ಗಿದ. ಕಾಗದದ ಬಾಲದ ಜೊತೆ ವಸ್ತ್ರದ ತುದಿಯೂ ಉರುಳೆಯೊಳಗೆ ಹೋಯಿತು. ಎಳೆತ ಎಷ್ಟು ಜೋರಿತ್ತೆಂದರೆ ಕೂಗಲು ಉಸಿರಿರಲಿಲ್ಲ. ಕೆನ್ನೆಯ ಪಕ್ಕ ಬಿಸಿ ಕಬ್ಬಿಣ, ಇನ್ನೊಂದು ಪಕ್ಕ ಸಾಹೇಬರ ಕೈ, ಆ ಕೈಯ ಗಡಿಯಾರ. ಮುಳ್ಳುಗಳು ಮೇಲಿನಿಂದ ಕೆಳಗೆ ನೆಟ್ಟಗೆ ಒಂದೇ ಗೆರೆಯಾಗಿ ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಗದ ಕೊಯ್ಯುವ ಚೂರಿಯಿಂದ ಸಾಹೇಬರು ವಸ್ತ್ರ ಕೊಯ್ದರು. ಚೂರಿಯ ಮೊನೆ ಕಬ್ಬಿಣಕ್ಕೆ ತಾಗಿ ಮುರಿದು ಅವರ ಕಣ್ಣಿಗೆ ಸಿಡಿಯಿತು. ಸೋಮಪ್ಪ ನೆಲಕ್ಕೆ ಬಿದ್ದು ಉಸಿರು ಎಳೆದುಕೊಳ್ಳುತ್ತಿದ್ದ. ಉಸಿರು ಸಿಕ್ಕಿದ್ದಕ್ಕೆ ಅವನಿಗೆ ಮೊದಲು ಆದದ್ದು ಸಂತೋಷ. ಆ ಸಂತೋಷವನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ದೊಡ್ಡ ಆಫೀಸಿನವರು ವಿಚಾರಿಸಿದಾಗ ಸಾಹೇಬರು ಹಾಸಿಗೆಯ ಮೇಲಿನಿಂದಲೇ ಹೇಳಿದರು: ಕಾಗದ ಕೊಯ್ಯುವಾಗ ಚೂರಿ ಮುರಿಯಿತು, ತಪ್ಪು ನನ್ನದೇ. ವಸ್ತ್ರದ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಸೋಮಪ್ಪ ಅಂದೇ ಗಂಟು ಕಟ್ಟಬೇಕಿತ್ತು. ಪಕ್ಕದಲ್ಲಿ ನಿಂತಿದ್ದ ಸೋಮಪ್ಪ ಬಾಯಿ ತೆರೆದು, ಮುಚ್ಚಿದ. ಕಂಡ ದ್ಯಾಮಪ್ಪನೂ ಸುಮ್ಮನಾದ. ಮನೆಯಲ್ಲಿ ಕೊರಳಿನ ಗಾಯ ಕೇಳಿದಾಗ, ಉಗಿ ಬಡಿಯಿತು ಅಂದ. ಅರ್ಧ ವಸ್ತ್ರವನ್ನು ಟ್ರಂಕಿನ ಹಿಂದೆ ತುರುಕಿದ. ಒಬ್ಬ ಮನುಷ್ಯ ಕೊರಳನ್ನೂ ಉಳಿಸಿ, ಅನ್ನವನ್ನೂ ಉಳಿಸಿ, ಕೊನೆಗೆ ಮನೆಗೆ ಬಂದು ಮಜ್ಜಿಗೆ ಕುಡಿದು ಹೋದರೆ ಅವನ ಮುಂದೆ ಹೇಗೆ ನಿಲ್ಲಬೇಕು? ಕಾಲಿಗೆ ಬೀಳೋಣವೆಂದರೆ ಸಾಹೇಬರು ಬೀಳಗೊಡುವವರಲ್ಲ. ಅವನಿಗೆ ಉಳಿದದ್ದು ಇದೊಂದೇ: ಅವ್ವ ಹಿಡಿದ ನೇಮ ಕೆಡದ ಹಾಗೆ ನೋಡಿಕೊಳ್ಳುವುದು, ಮೂರು ದಿನ ಧೂಳು ತುಳಿಯುವುದು. ಇದರಿಂದ ಕಣ್ಣು ಬರುತ್ತದೆಂದು ಅವನೇನೂ ನಂಬಿರಲಿಲ್ಲ. ನಂಬಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ.

ಹನ್ನೆರಡರ ಭೋಂಗಾ ಕೂಗಿದಾಗ ಸೋಮಪ್ಪನ ಎದೆಯ ಮೇಲಿನ ಕಲ್ಲು ಯಾರೋ ಎತ್ತಿದಂತಾಯಿತು. ಮುಟ್ಟಿದರು. ಅವ್ವ ಈಗ ಜಂತಿಗೆ ಕೈ ಚಾಚಿರುತ್ತಾಳೆ. ರೊಟ್ಟಿಯ ಗಂಟು ಬಿಚ್ಚುವಾಗ ಅವನ ಕಣ್ಣು ಹಸಿಯಾಗಿತ್ತು. ಪುಂಡಿ ಪಲ್ಯ ಎಂದಿಗಿಂತ ರುಚಿಯಾಗಿತ್ತು.

“ಸಾಹೇಬ್ರ ಹೇಣ್ತಿ ಇವತ್ತರೆ ಲಗೂನ ಎದ್ದಾಳೋ ಇಲ್ಲೋ,” ಅಂದ ದ್ಯಾಮಪ್ಪ, ಉಳ್ಳಾಗಡ್ಡಿ ಜಜ್ಜುತ್ತ. “ಗಂಡ ಬಂದು ಬಾಗಲಾ ಬಡದ್ರೂ ಮಲಗಿರ್ತಾಳೇನೋ.”

ಅದು ಅವರ ಹಳೆಯ ನಗೆಯ ಮಾತು. ಸಾಹೇಬರು ಎರಡೂ ಕೈಗೆ ಗಡಿಯಾರ ಕಟ್ಟುತ್ತಿದ್ದರು, ಒಂದು ಇಲ್ಲಿಯದು, ಒಂದು ಮನೆಯದು ಅಂತ. ದಿನಾ ಹತ್ತೂವರೆಯ ಚಹಾಕ್ಕೆ ಬಲಗೈ ನೋಡಿಕೊಂಡು, “ಮೇರಾ ಬೀಬಿ ಅಭೀ ಉಠತಾ,” ಅನ್ನುತ್ತಿದ್ದರು. ಹತ್ತೂವರೆಗೆ ಏಳುವ ಹೆಂಡತಿ! ಸೋಮಪ್ಪ ಮನೆಗೆ ಹೋಗಿ ಹೇಳಿದಾಗ ಮಾಲವ್ವ, “ಪುಣ್ಯಾ ಮಾಡ್ಯಾಳ ಬಿಡ್ರಿ,” ಅಂದಿದ್ದಳು. ಸೋಮಪ್ಪ ನಗುತ್ತ ತುತ್ತು ಬಾಯಿಗೆ ಹಾಕಿದವನು ಅಗಿಯುವುದನ್ನು ನಿಲ್ಲಿಸಿದ. ಕೆನ್ನೆಯ ಪಕ್ಕದ ಆ ಗಡಿಯಾರ. ನೆಟ್ಟಗೆ ಒಂದೇ ಗೆರೆಯಾದ ಮುಳ್ಳುಗಳು. ಅದು ಬಲಗೈಯ ಗಡಿಯಾರ, ಹೊತ್ತು ಆರು. ಆಗತಾನೆ ಚಹಾ ಮುಗಿಸಿ ಬಂದಿದ್ದರು, ಇಲ್ಲಿ ಹತ್ತೂವರೆ. ಆ ಹೆಣ್ಣುಮಗಳು ತಡವಾಗಿ ಏಳುತ್ತಿರಲಿಲ್ಲ. ಅವಳ ಊರಿನಲ್ಲಿ ಬೆಳಗೇ ತಡವಾಗಿ ಆಗುತ್ತಿತ್ತು.

ಹಾಗಾದರೆ ಅಲ್ಲಿಯ ಹನ್ನೆರಡು ಇಲ್ಲಿಯ ಹನ್ನೆರಡಲ್ಲ. ಅವನಿಗೆ ಕಳೆಯುವುದು ಕೂಡುವುದು ಅಷ್ಟಾಗಿ ಬರುತ್ತಿರಲಿಲ್ಲ, ಆದರೂ ಬೆರಳು ಮಡಚಿ ಮಡಚಿ ಇಲ್ಲಿಯ ಸಂಜೆ ನಾಲ್ಕೂವರೆಗೆ ಬಂದು ನಿಂತ. ಸಾಹೇಬರು ಇನ್ನೂ ಮೇಲೆಯೇ ಇದ್ದಾರೆ. ಯಾವುದೋ ನೀರಿನ ಮೇಲೆ, ಪಟ್ಟಿ ಕಟ್ಟಿದ ಕಣ್ಣಿನೊಂದಿಗೆ, ಮೊಣಕಾಲು ಎತ್ತಿಕೊಂಡು. ಮನೆಯಲ್ಲಿ ಅವ್ವ ಅವರ ಬೆನ್ನಿಗೆ ಕಸ ಹೊಡೆಯುತ್ತಿದ್ದಾಳೆ. ಎರಡರ ತನಕ ಮಷೀನು ಬಿಟ್ಟು ಹೋಗುವಂತಿಲ್ಲ. ಮೇಸ್ತ್ರಿಯ ಹತ್ತಿರ ರಜೆ ಕೇಳಿದರೆ ಏನೆಂದು ಕೇಳುವುದು? ಮನೆಯ ಕಸ ಹೊಡೆದುಬಿಟ್ಟಾರು ಅಂತಲೇ? ಎರಡು ಸಲ ಮೇಸ್ತ್ರಿಯ ಮುಂದೆ ಹೋಗಿ, ಎರಡು ಸಲವೂ ಎಣ್ಣೆ ಡಬ್ಬಿ ಕೇಳಿಕೊಂಡು ಬಂದ. ನಂಬದ ಮಾತಿಗೆ ಇಷ್ಟು ಹೆದರಿಕೆ ಯಾಕೆ ಎಂದು ತನ್ನನ್ನೇ ಬೈದುಕೊಂಡ, ಹೆದರಿಕೆ ಹೋಗಲಿಲ್ಲ.

ಎರಡಕ್ಕೆ ಗೇಟಿನಲ್ಲಿ ವಿಷಯ ಕೇಳಿದ ಬಸಲಿಂಗಯ್ಯನವರ ಮುಖ ಬಿಳಿಚಿತು. ಪೆನ್ಸಿಲು ತೆಗೆದು, ಕಾರ್ಡಿನ ಬೆನ್ನಿಗೆ ಎರಡು ಸಲ ಕಳೆದು, ಒಂದು ಸಲ ಕೂಡಿ, ಭಾಗಿಸಿ ನೋಡಿದರು. “ಹತ್ತೂವರೆ ತಾಸು. ತಾಸಿಗೆ ನಾನೂರಾ ಇಪ್ಪತ್ತು ಮೈಲು. ಹೌದಪಾ, ಇದು ನಂಬೂ ಮಾತು.” ಆಮೇಲೆ ದನಿ ತಗ್ಗಿಸಿದರು. “ಒಂದs ಗೇಟಿನ್ಯಾಗ ಒಳಗ ಬಂದು ಹೊರಗ ಹೋಗೂ ಮಂದೀದು ಲೆಕ್ಕಾ ಮಾಡಿ ರೂಢಿ ನನಗ. ಎರಡು ಗೇಟಿಗೆ ಎರಡು ಗಡಿಯಾರ ಇರ್ತಾವ ಅಂತ ಹೊಳೀಲಿಲ್ಲ. ನೀ ಮನೀಗೆ ನಡಿ, ನಾ ಬರ್ತೇನಿ.”

ಮನೆ ಕನ್ನಡಿಯಾಗಿತ್ತು. ಮಾಲವ್ವ ಸೆಗಣಿ ಸಾರಿಸಲು ಬುಟ್ಟಿ ಹಿಡಿದು ನಿಂತಿದ್ದಳು. ಬೂಟಿನ ಹೆಜ್ಜೆ ಇದ್ದಲ್ಲಿ ಬರೀ ನೆಲ. ಸೋಮಪ್ಪ ಹೊಸ್ತಿಲಲ್ಲೇ ಕೂತು, ಅವಸರದಲ್ಲಿ ಹಿಂದುಮುಂದಾಗಿ ಎಲ್ಲ ಹೇಳಿದ. ಹೆಂಡತಿ ಬುಟ್ಟಿ ಕೆಳಗಿಟ್ಟಳು. ಅವ್ವ ಮಾತ್ರ ಗಾಬರಿಯಾಗಲಿಲ್ಲ, ಮಗ ಹೇಳಿ ಮುಗಿಸುವ ತನಕ ತಡೆದು, “ಕಸಾ ಎಲ್ಲಿ ಹಾಕೀಯವಾ?” ಅಂತ ಸೊಸೆಯನ್ನು ಕೇಳಿದಳು.

“ಹಿತ್ತಲ ಮೂಲ್ಯಾಗ ಐತ್ರೀ ಅತ್ತಿ. ತಿಪ್ಪಿಗೆ ಒಯ್ದಿಲ್ಲ ಇನ್ನೂ.”

“ಒಯ್ದಿಲ್ಲಂದ್ರ ಮನೀದs ಅದು. ತಗೊಂಬಾ.”

ಬುಟ್ಟಿಯಲ್ಲಿ ತಂದರು. ಮಸಿ, ಹೊಟ್ಟು, ಸಿಬಿರು, ಕೆಂಪು ಮಣ್ಣು ಎಲ್ಲ ಒಂದಾಗಿತ್ತು. ದುರ್ಗವ್ವ ಕಸಬರಿಗೆಯನ್ನು ಮತ್ತೆ ಜಂತಿಗೆ ಸಿಕ್ಕಿಸಿ, ಬಿತ್ತುವವಳ ಹಾಗೆ ಹಿಡಿ ಹಿಡಿಯಾಗಿ ನೆಲದ ತುಂಬ ಚೆಲ್ಲಿದಳು. ಕಂಬಳಿಯ ಮುಂದೆ ಸ್ವಲ್ಪ ಹೆಚ್ಚು. ಸೋಮಪ್ಪನೂ ಚೆಲ್ಲಿದ. ಬಾಗಿಲಲ್ಲಿ ನೆರಳಾಯಿತು. ಪಕ್ಕದ ಮನೆಯ ಗಿರಿಜಾಬಾಯಿ, ಬೆಳಗಾವಿಯ ಕಡೆಯವಳು, ಪಾತ್ರೆಯನ್ನು ಕೂಡ ಮೂರು ನೀರಿಗೆ ತೊಳೆಯುವ ಹೆಂಗಸು, ಬೆರಗಾಗಿ ನಿಂತಿದ್ದಳು.

“ಹೊರಗಿನ ಕಸಾ ಒಳಗ ಹಾಕಾಕತ್ತೀರಲ್ರೀ ದುರ್ಗವ್ವ. ನಿಮ್ಮ ಕಡೆ ಹಿಂಗs ಏನು?”

ಸೋಮಪ್ಪನಿಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಅವ್ವ ತಿರುಗಿ ನೋಡದೆ, ಸಾಹೇಬರು ಇನ್ನೂ ಮುಟ್ಟಿಲ್ಲವೆಂದೂ, ಲೆಕ್ಕ ತಪ್ಪಿತೆಂದೂ ಎರಡು ಮಾತಿನಲ್ಲಿ ಹೇಳಿದಳು. ಗಿರಿಜಾಬಾಯಿ ಅಂಗಳದ ಕಡೆ ತಿರುಗಿ ನೋಡಿದಳು. “ಅಂಗಳಾ ಇಬ್ಬರದೂ ಒಂದs ಐತಲ್ರೀ,” ಅಂದಳು ಕೊನೆಗೆ. “ನಾನೂ ಇವತ್ತು ಸಂಜೀ ಕಸಾ ತಡದು ಹೊಡೀತೇನಿ ಬಿಡ್ರಿ.” ಅವಳು ಹೋದ ಮೇಲೆ ಸೋಮಪ್ಪನಿಗೆ, ಈ ಹೆಂಗಸನ್ನು ಎರಡು ವರ್ಷದಿಂದ ಜಂಬದವಳೆಂದು ಬೈದುಕೊಂಡದ್ದು ನೆನಪಾಯಿತು.

ನಾಲ್ಕರ ಸುಮಾರಿಗೆ ಬಸಲಿಂಗಯ್ಯ ಬಂದು ಕಟ್ಟೆಯ ಮೇಲೆ ಕೂತು, ಕಿಸೆಗಡಿಯಾರ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಮಗ್ಗುಲಿಗೆ ಕೂತ ಸೋಮಪ್ಪ ಆ ಸಣ್ಣ ಟಿಕ್ ಟಿಕ್ ಕೇಳುತ್ತ, ವಿಮಾನದಲ್ಲೂ ಈ ಹೊತ್ತಿಗೆ ಸಾಹೇಬರ ಎರಡು ಕೈಗಳಲ್ಲಿ ಎರಡು ಗಡಿಯಾರ ಹೀಗೇ ನಡೆದಿರಬೇಕು ಅಂದುಕೊಂಡ. ಒಂದು ಮನೆಯ ಹೊತ್ತು, ಒಂದು ನಮ್ಮ ಹೊತ್ತು. ನಮ್ಮ ಹೊತ್ತನ್ನೂ ಕೈಗೆ ಕಟ್ಟಿಕೊಂಡೇ ಹೋಗಿದ್ದಾರೆ. ಅವನು ಅವ್ವನ ಕಡೆ ತಿರುಗಿದ. ಬಸಲಿಂಗಯ್ಯ ಆಫೀಸಿನ ಮನುಷ್ಯ, ಕೇಳಿದರೆ ನಾಳೆ ಕೆಲಸ ಹೋದೀತು ಎಂಬುದು ಗೊತ್ತಿದ್ದೇ ಹೇಳಿದ:

“ಅವ್ವಾ, ಅವತ್ತು ನನಗ ಉಗಿ ಬಡೀಲಿಲ್ಲ. ವಸ್ತ್ರ ಕೊಳ್ಳಾಗ ಇತ್ತು. ಮಷಿನ್ಯಾಗ ಸಿಕ್ಕಿತ್ತು. ಅದನ್ನ ಕೊಯ್ಯಾಕ ಬಂದs ಚೂರಿ ಮುರದು ಸಾಹೇಬ್ರ ಕಣ್ಣಿಗೆ ಬಡೀತು. ನಾ ಬಾಯಿ ಬಿಡಲಿಲ್ಲ.”

ಮಾಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವ್ವ ಎದ್ದು ಒಳಗೆ ಹೋಗಿ, ತನ್ನ ಕೌದಿಯ ಗಂಟಿನಿಂದ ಅರ್ಧ ವಸ್ತ್ರವನ್ನು ತಂದು ಮಗನ ತೊಡೆಯ ಮೇಲೆ ಹಾಕಿದಳು. ಒಗೆದು ಮಡಚಿಟ್ಟಿದ್ದಳು.

“ಟ್ರಂಕಿನ ಹಿಂದ ಸಿಕ್ತು. ಮೂವತ್ತು ವರ್ಷ ಕೌದಿ ಹೊಲದಾಕಿ ನಾನು. ಹರದ ಅರಿವಿ ಯಾವುದು, ಚೂರಿಲೆ ಕೊಯ್ದದ್ದು ಯಾವುದು ನನಗ ತಿಳೀದಿಲ್ಲೇನು? ನೀ ಹೇಳ್ತೀ ಅಂತ ಸುಮ್ಮನ ಕುಂತಿದ್ದೆ.” ಅವಳ ದನಿ ಏರಲಿಲ್ಲ. “ಸಾಹೇಬ ನಮ್ಮ ಮನೀಗೆ ಬಂದಾನಂತ ಕಸಬರಿಗಿ ಮ್ಯಾಲೆ ಇಟ್ಟೇನಂತ ತಿಳದೇನು? ನನ್ನ ಮಗನ ಕೊಳ್ಳು ನನ್ನ ಮನೀಗೆ ಮುಟ್ಟಿಸ್ಯಾನ ಅಂವ. ಅವನ ಕಣ್ಣು ಅವನ ಮನೀಗೆ ಮುಟ್ಟೂತನಕ ನಾ ಹೆಂಗ ಕಸಾ ಹೊಡೀಲಿ?”

ಸೋಮಪ್ಪ ಅತ್ತ. ಗಂಡಸರು ಅಳುವ ಹಾಗೆ ಮುಖ ಮುಚ್ಚಿಕೊಳ್ಳದೆ, ಕೈ ಕಟ್ಟಿಕೊಂಡು ಅತ್ತ. ಅವನನ್ನು ಅಳಲು ಬಿಟ್ಟು, ಆಮೇಲೆ ಅವ್ವ ಅಂದಳು: “ಇದನ್ನ ಕೌದ್ಯಾಗ ಹಾಕಿಲ್ಲ. ನಾಳಿ ಒಯ್ದು ಆ ಗೂಟಕ್ಕ ಹಾಕು. ಯಾಕ ಅರ್ಧಾ ಐತಿ ಅಂತ ಕೇಳಿದವರಿಗೆಲ್ಲಾ ಹೇಳು.”

ಬಸಲಿಂಗಯ್ಯ ಗಡಿಯಾರದಿಂದ ಕಣ್ಣು ಎತ್ತಿರಲಿಲ್ಲ. “ನಾ ಬಂದ ಹೊತ್ತು, ಹೋದ ಹೊತ್ತು ಬರಕೊಳ್ಳಾಂವ ಸೋಮಪ್ಪ. ಮತ್ತ ಬ್ಯಾರೆ ಬರಕೊಳ್ಳಾಕ ನನ್ನ ಬುಕ್ಕಿನ್ಯಾಗ ಜಾಗಾ ಇಲ್ಲ. ಹೇಳೂದು ಇದ್ರ ನಿನ್ನ ಬಾಯಿಲೇ ಹೇಳು.” ಆಮೇಲೆ, “ನಾಲ್ಕೂವರಿ ಆತು ನೋಡ್ರಿ. ಇಳದ್ರು,” ಅಂದರು.

ಮಾಲವ್ವ ಕಸಬರಿಗೆಗೆ ಕೈ ಹಾಕಿದಳು. ದುರ್ಗವ್ವ ತಡೆದಳು. “ಇಮಾನ ಇಳದ್ರ ಮನಿ ಮುಟ್ಟಿದಂಗ ಆತೇನು? ಊರ ಅಗಸ್ಯಾಗ ಬಂದಾಂವ ಅಡಗೀ ಮನಿಗೆ ಬಂದಂಗ ಅಲ್ಲ. ಆಸ್ಪತ್ರಿ ಎಷ್ಟು ದೂರ ಐತಿ ಅಯ್ಯಾರ?”

ಬಸಲಿಂಗಯ್ಯ ಕಾರ್ಡು ತಿರುಗಿಸಿ ನೋಡಿದರು. ಅದು ಅಲ್ಲಿ ಬರೆದಿರಲಿಲ್ಲ. ಈ ಸಲ ಅವರು ಲೆಕ್ಕ ಮಾಡಲು ಹೋಗಲಿಲ್ಲ. ದೀಪ ಹಚ್ಚಿದ ಮೇಲೆ ಕಸಬರಿಗೆ ಮುಟ್ಟುವಂತಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ; ಹಾಗಾಗಿ ದೀಪಕ್ಕೆ ಮೊದಲಿನ ಕೊನೆಯ ಬೆಳಕಿನ ತನಕ ತಡೆಯುವುದೆಂದು ದುರ್ಗವ್ವನೇ ತೀರ್ಮಾನ ಮಾಡಿದಳು. ಯಾರೂ ಎದ್ದು ಹೋಗಲಿಲ್ಲ. ಗಿರಿಜಾಬಾಯಿ ಎಲ್ಲರಿಗೂ ಚಹಾ ತಂದಳು.

ಬಿಸಿಲು ಕಾಡಿನ ಹಿಂದೆ ಇಳಿದು ಅಂಗಳ ಬೂದಿಯ ಬಣ್ಣಕ್ಕೆ ತಿರುಗಿದಾಗ ಅವ್ವ ಕಸಬರಿಗೆ ಇಳಿಸಿ ಸೊಸೆಗೆ ಕೊಡದೆ ಮಗನ ಕೈಗೆ ಕೊಟ್ಟಳು. ಮೂವತ್ತಾರು ವರ್ಷದಲ್ಲಿ ಸೋಮಪ್ಪ ಅದನ್ನು ಹಿಡಿದವನಲ್ಲ. ಚಾಳಿನ ಮಂದಿ ನೋಡುತ್ತಿದ್ದರು, ನೋಡಲಿ ಅಂದುಕೊಂಡ. ಒಳಗಿನ ಗೋಡೆಯಿಂದ ಸುರುಮಾಡಿ, ಒಲೆಯ ಮುಂದೆ, ಟ್ರಂಕಿನ ಹಿಂದೆ, ಸಾಹೇಬರು ಮೊಣಕಾಲು ಎತ್ತಿಕೊಂಡು ಕೂತಿದ್ದ ಕಂಬಳಿಯ ಸುತ್ತ ಮೆಲ್ಲಗೆ ಹೊಡೆದ. ನೆಲ ಹಿಂದಿನಿಂದ ಚೊಕ್ಕಟವಾಗುತ್ತ ಬಂತು. ಮಾಲವ್ವ ಒಂದು ಕೈಯಲ್ಲಿ ಚಿಮಣಿ, ಒಂದು ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ಕಾಯುತ್ತಿದ್ದಳು. ಕೊನೆಯ ಕಸವನ್ನು ಹೊಸ್ತಿಲು ದಾಟಿಸಿ ಸೋಮಪ್ಪ ಸೊಂಟ ನೆಟ್ಟಗೆ ಮಾಡಿದ.

“ಮುಟ್ಟಿದ್ರು,” ಅಂದ.

ಮಾಲವ್ವ ಕಡ್ಡಿ ಗೀರಿದಳು.